ಸೆರಗಿನ ಕೆಳಗೆ ಎರೆದ ಮಾತು

ಆ ಹುಡುಗಿಯ ಹೆಸರು ನನ್ನ ಬಾಯಲ್ಲಿ ಬರೋದಿಲ್ಲ. ಮರೆತಿದ್ದೀನಿ ಅಂದುಕೋಬೇಡಿ. ಯಾರಾದರೂ ಕೂಗಿದರೆ ತಕ್ಷಣ ಗುರುತು ಹಿಡೀತೀನಿ. ನಾನಾಗಿ ಹೇಳೋಕೆ ಹೋದರೆ ಮಾತ್ರ ನಾಲಿಗೆ ಅಲ್ಲೇ ನಿಂತುಬಿಡತ್ತೆ, ಬರೆಯೋಕೆ ಹೋದರೆ ಕೈ ನಿಲ್ಲತ್ತೆ. ಅದೊಂದು ಹೂವಿನ ಹೆಸರು. ಹಳದಿ ಹೂವು, ಒಂದೇ ಒಂದು ಮುಡಿದರೂ ಬೀದಿಯೆಲ್ಲ ಘಮ್ಮನ್ನತ್ತೆ. ಈಗ ಹೂವಿನವಳ ಬುಟ್ಟಿಗೆ ಬೆರಳು ಮಾಡಿ ತೋರಿಸಿ ಕೊಂಡ್ಕೋತೀನಿ. ಉಳಿದ ಮಾತಿಗೇನೂ ನನಗೆ ಬರವಿಲ್ಲ. ನಮ್ಮೂರಲ್ಲಿ ವಿಶಾಲಕ್ಕನ ಬಾಯಿ ಅಂದರೆ ಯಾರು ಬೇಕಾದರೂ ಮೊದಲು ನಗ್ತಾರೆ, ಆಮೇಲೆ ಕೈ ಮುಗೀತಾರೆ.

ನಮ್ಮೂರಲ್ಲಿ ಮಕ್ಕಳಿಗೆ ಮಾತು ತಾನಾಗಿ ಬರೋದಿಲ್ಲ, ಎರೀಬೇಕು. ಮನೆಯ ಹಿರಿಯಳು, ಸಾಮಾನ್ಯವಾಗಿ ಅಜ್ಜಿ, ಮಗುವನ್ನ ತೊಡೆ ಮೇಲೆ ಹಾಕಿಕೊಂಡು, ಅದರ ಕಣ್ಣ ಮೇಲೆ ಸೆರಗು ಹೊದಿಸಿ, ಕಿವಿಗೆ ಬಾಯಿಟ್ಟು ಒಂದು ಮಾತು ಹೇಳ್ತಾಳೆ. ಒಂದೇ ಸಲ. ಆಮೇಲೆ ಆ ಮಾತು ಅವಳದಲ್ಲ, ಮಗುವಿನದು. ಕೆಲವು ತಿಂಗಳಿಗೆ ಮಗುವಿನ ಬಾಯಲ್ಲಿ ಅದು ಮೊಳೆಯತ್ತೆ. ಎಲ್ಲಾ ಮಾತನ್ನೂ ಹೀಗೆ ಎರೀಬೇಕಾಗಿಲ್ಲ. ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದ ಹಾಗೆ ಅಮ್ಮ, ಹಾಲು, ನೀರು, ಅನ್ನ, ಬಾ, ಬೇಡ, ಕೊಡು ಇಷ್ಟು ಎರೆದರೆ ಸಾಕು, ಉಳಿದದ್ದು ಬೀದಿಯಿಂದ ಮಗು ತಾನೇ ಹೆಕ್ಕಿಕೊಳ್ಳತ್ತೆ. ಕಡೆಯಲ್ಲಿ ಎರೆಯೋದು ಮಗುವಿನ ಹೆಸರು. ಅದನ್ನ ಎಲ್ಲ ಅಜ್ಜಿಯರೂ ಇವತ್ತು ನಾಳೆ ಅಂತ ಮುಂದೂಡ್ತಾರೆ. ಎರೆದ ಮೇಲೆ ಮೊಮ್ಮಗುವನ್ನ ಹೆಸರು ಹಿಡಿದು ಕರೆಯೋ ಹಾಗಿಲ್ಲವಲ್ಲ.

ಹಾಗಾಗಿ ನಮ್ಮೂರ ಮುದುಕಿಯರು ಹೋಟೆಲಿಗೆ ಬಂದು ಲೋಟ ಬೋರಲು ಹಾಕಿ ತೋರಿಸಿದರೆ ಮಾಣಿ ಮಾತಾಡದೆ ನೀರು ತಂದಿಡ್ತಾನೆ. "ಅದು ಬೆಂದಿದೆಯೇನೇ?" ಅಂತ ಅತ್ತೆ ಕೇಳಿದರೆ ಸೊಸೆಗೆ ಅನ್ನದ ವಿಚಾರ ಅಂತ ಗೊತ್ತು. ಯಾರಿಗೂ ಇದು ಕಷ್ಟ ಅನ್ನಿಸೋದಿಲ್ಲ. ಕಷ್ಟ ಆಗೋದು ಮಾತು ಉಳಿಸಿಕೊಂಡವರಿಗೆ. ಮೊಮ್ಮಕ್ಕಳಿದ್ದೂ ಪಟಪಟ ಮಾತಾಡೋ ಮುದುಕಿಯನ್ನ ಕಂಡರೆ ಜನ ಮುಖ ಸಿಂಡರಿಸ್ತಾರೆ. ನನಗೆ ಮಕ್ಕಳಿಲ್ಲ, ಮೊಮ್ಮಕ್ಕಳ ಮಾತಂತೂ ದೂರವೇ. ಹಾಗಾಗಿ ನನ್ನ ಬಾಯಿ ಪೂರ್ತಿ ತುಂಬಿದ ಡಬ್ಬಿ. "ವಿಶಾಲಕ್ಕಂಗೇನಮ್ಮ, ಖರ್ಚೇ ಇಲ್ಲ" ಅಂತ ನಲ್ಲಿಯ ಹತ್ತಿರ ಆಡಿಕೊಳ್ಳೋರು. ನಾನೂ ಬಿಡ್ತಿರಲಿಲ್ಲ, ತಿರುಗಿಸಿ ಕೊಡ್ತಿದ್ದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅಳು ಬರ್ತಿತ್ತು ಅನ್ನೋದು ಬೇರೆ ವಿಷಯ.

ನನ್ನ ಕೆಲಸವೇ ಮಾತಿನದು. ಆಸ್ಪತ್ರೆ ಹಿಂಭಾಗದಲ್ಲಿ ಮಾತಿನ ಕೋಣೆ ಅಂತ ಒಂದಿದೆ. ಮೂರು ವರ್ಷ ಹತ್ತಿರ ಬಂದರೂ ಮಾತು ಬಾರದ ಮಕ್ಕಳನ್ನ ಅಲ್ಲಿಗೆ ತರ್ತಾರೆ. ಚಿತ್ರದ ಹಲಗೆ, ಮರದ ಲೋಟ ತಟ್ಟೆ, ಬಟ್ಟೆ ಗೊಂಬೆ, ಗಿಲಕಿ, ಒಂದು ಕನ್ನಡಿ, ಇಷ್ಟು ಸಾಮಾನು. ಮಗು ಕಣ್ಣು ಕೊಟ್ಟು ನೋಡತ್ತಾ, ಬೇಕಾದ್ದನ್ನ ಬೆರಳು ಮಾಡಿ ತೋರಿಸತ್ತಾ, ಗೊಂಬೆಗೆ ಊಟ ಮಾಡಿಸೋ ಆಟ ಆಡತ್ತಾ, ಹೇಳಿದ್ದು ತಿಳಿಯತ್ತಾ, ಇದೆಲ್ಲ ನೋಡ್ತೀನಿ. ಆದರೆ ನನಗೆ ಕೆಲಸ ಕಲಿಸಿದ ಅನಸೂಯಮ್ಮನವರು ಹೇಳಿಕೊಟ್ಟ ಕ್ರಮ ಒಂದೇ. ಮೊದಲು ಎರೆದವಳ ಬಾಯಿ ನೋಡು, ಆಮೇಲೆ ಮಗುವಿನ ಬಾಯಿ ನೋಡು. ಅಂದರೆ ಅಜ್ಜಿಗೆ ಲೋಟದ ನೀರು ತೋರಿಸಿ ಇದೇನು ಅಂತ ಕೇಳೋದು. "ನೀರು" ಅಂದಳೋ, ಸಿಕ್ಕಿಬಿದ್ದಳು, ಎರೆದೇ ಇಲ್ಲ. ನಾಲ್ಕು ಬೈದು ಕಳಿಸಿದರೆ ಮನೆಗೆ ಹೋಗಿ ಎರೀತಾಳೆ, ಮಗು ಮಾತಾಡತ್ತೆ. ಬಹಳ ಮಕ್ಕಳ ವಿಷಯದಲ್ಲಿ ನಿಜವಾಗಿಯೂ ಅದೇ ಕಾರಣ ಆಗಿರ್ತಿತ್ತು. ಹಾಗಾಗಿ ಬೇರೆ ಕಾರಣ ಹುಡುಕೋ ಅಭ್ಯಾಸ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ನೀಲಜ್ಜಿಯನ್ನ ನಮ್ಮೂರಲ್ಲಿ ಕಣ್ಣಿಂದ ನೋಡೋಕೆ ಮೊದಲು ಕಿವಿಯಿಂದ ಕೇಳ್ತಿದ್ವಿ. ಸೊಪ್ಪು ಮಾರೋಳು. ಬೆಳಿಗ್ಗೆ ಕಾಫಿ ಇನ್ನೂ ಸೋಸಿರ್ತಿರಲಿಲ್ಲ, ಮೂರು ಬೀದಿ ಆಚೆಯಿಂದಲೇ "ದಂಟೂ, ಮೆಂತ್ಯಾ, ಸಬ್ಬಸ್ಗೇ, ಹರವೇ, ಪಾಲಾಕೂ..." ಅಂತ ಎಳೆದು ಕೂಗೋಳು. ಅದು ಬರೀ ಕೂಗಲ್ಲ, ಹತ್ತಿ ಇಳಿದು ತಿರುಗಿ ಬರೋ ರಾಗ. ತಲೆ ಮೇಲೆ ಬುಟ್ಟಿ, ಸೊಂಟದ ಮೇಲೆ ಮೊಮ್ಮಗಳು. ಸೊಸೆ ಸುಗುಣ ಗಾರ್ಮೆಂಟ್ಸಿಗೆ ಹೋಗ್ತಿದ್ದಳು, ಮಗ ಲೋಕಿ ಟೆಂಪೋ ಓಡಿಸೋನು, ಮಗು ಅಜ್ಜಿಗೇ ಅಂಟಿಕೊಂಡಿತ್ತು. ಅಜ್ಜಿ ಕೂಗೋವಾಗಲೆಲ್ಲ ಆ ಮಗು ತನ್ನ ಪುಟ್ಟ ಅಂಗೈಯನ್ನ ಅಜ್ಜಿಯ ಗಂಟಲ ಮೇಲೆ ಇಟ್ಟುಕೊಂಡು ಕಿಲಕಿಲ ನಗ್ತಿತ್ತು. "ನೋಡಿ, ಅಜ್ಜಿ ಗಂಟಲು ಹರಿದೋಗ್ದಂಗೆ ಹಿಡ್ಕೊಂಡವಳೆ" ಅಂತ ನಾವೆಲ್ಲ ತಮಾಷೆ ಮಾಡ್ತಿದ್ವಿ. ನಾನೂ ಮಾಡಿದ್ದೀನಿ.

ಮಗುವಿಗೆ ಮೂರಾದರೂ ಒಂದು ಅಕ್ಷರ ಇಲ್ಲ. ಬೀದಿ ಸುಮ್ಮನಿರತ್ತಾ? "ಮುದುಕಿ ವ್ಯಾಪಾರಕ್ಕೆ ಅಂತ ಮಾತು ಬಚ್ಚಿಟ್ಕೊಂಡವಳೆ, ಮೊಮ್ಮಗಳ ಬಾಯಿಗೆ ಮಣ್ಣು ಹಾಕವಳೆ" ಅಂತ ಶುರುವಾಯಿತು. ಅದು ಸುಗುಣನ ಕಿವಿಗೂ ಬಿತ್ತು. ಒಂದು ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಮಗುವನ್ನ ಎತ್ತಿಕೊಂಡು ನನ್ನ ಕೋಣೆಗೆ ಬಂದರು. ದಾರಿಯಲ್ಲೇ ಜಗಳ ಆಗಿತ್ತು ಅಂತ ಇಬ್ಬರ ಮುಖದಲ್ಲೂ ಬರೆದಿತ್ತು.

ನಾನು ಕ್ರಮದ ಪ್ರಕಾರ ಅಜ್ಜಿಯ ಮುಂದೆ ನೀರು ಇಟ್ಟೆ. ಅವಳು ಬಾಯಿ ತೆರೆದಳು, ತುಟಿ ಅಲುಗಿತು, ಏನೂ ಬರಲಿಲ್ಲ. ಅನ್ನದ ಚಿತ್ರ ತೋರಿಸಿದೆ, ಹಾಲಿನದು ತೋರಿಸಿದೆ, ಇಲ್ಲ. ಮಗುವನ್ನ ಹತ್ತಿರ ಕರೀರಿ ಅಂದೆ. ಕೈ ಬೀಸಿದಳೇ ಹೊರತು ಬಾ ಅನ್ನಲಾರಳು.

"ಎಲ್ಲಾ ಎರೆದಿದೀನಿ ತಾಯಿ. ಒಂದೂ ಇಟ್ಕೊಂಡಿಲ್ಲ. ಹೆಸರೊಂದು ಬಿಟ್ಟು" ಅಂದಳು.

"ಸುಳ್ಳು ಮೇಡಂ," ಸುಗುಣ ತಡೆದಳು. "ಸೊಪ್ಪಿನ ಹೆಸರು ಕೇಳಿ, ಹೆಂಗೆ ಉದುರ್ತವೆ ನೋಡಿ. ಅಷ್ಟೊಂದು ಮಾತು ನಾಲಿಗೆ ಮೇಲಿಟ್ಕೊಂಡು ಎರೆದ್ರೆ ಮನಸು ಎಲ್ಲಿರ್ತದೆ? ಬುಟ್ಟಿ ಮೇಲಿರ್ತದೆ!"

"ಸೊಪ್ಪಿನ ಹೆಸರು ಹೆಪ್ಪಿನ ಮಾತಲ್ಲ ಕಣೇ," ಅಂದೆ ನಾನು. "ಸುಮ್ನಿರು. ಅವರ ಹೊಟ್ಟೆಪಾಡು ಅದು."

ಮಗು ಆಗ ನನ್ನ ಕಾಲ ಬಳಿ ಕೂತಿತ್ತು. ಎಂಥಾ ಚುರುಕು ಕಣ್ಣು ಅಂತೀರಿ! ಗೊಂಬೆಗೆ ಊಟ ಮಾಡಿಸಿ, ಬಾಯಿ ಒರೆಸಿ, ಮಲಗಿಸಿ ತಟ್ಟಿತು. ಡಬ್ಬಿ ತಾ ಅಂತ ನಾನು ಡಬ್ಬಿಯ ಕಡೆ ನೋಡಿ ಹೇಳಿದರೆ ತಂದುಕೊಟ್ಟಿತು. ಗಿಲಕಿ ಕೊಟ್ಟೆ. ಎಲ್ಲ ಮಕ್ಕಳೂ ಅದನ್ನ ಗಾಳಿಯಲ್ಲಿ ಅಲ್ಲಾಡಿಸ್ತವೆ, ಇವಳು ಕೆನ್ನೆಗೆ ಒತ್ತಿಕೊಂಡು ಅಲ್ಲಾಡಿಸಿದಳು. ಮುದ್ದಾಗಿದೆ ಅಂದುಕೊಂಡೆ. ಬುದ್ಧಿ ಚೆನ್ನಾಗಿದೆ, ಹೇಳಿದ್ದೆಲ್ಲ ತಿಳಿಯತ್ತೆ, ಎರೆದದ್ದು ಮೊಳೆಯೋಕೆ ತಡ ಆಗಿದೆ, ಕಾಯಿರಿ ಅಂತ ಕಳಿಸಿದೆ.

ಕಾಯೋದು ನೀಲಜ್ಜಿಯ ಕೈಲಾಗಲಿಲ್ಲ. ಊರ ಬಾಯಿ ಅವಳನ್ನ ಬಿಡಲಿಲ್ಲ. ಅವತ್ತೇ ಸಂಜೆ ಮೊಮ್ಮಗಳ ಕಣ್ಣಿಗೆ ಸೆರಗು ಹೊದಿಸಿ ಅವಳ ಹೆಸರು ಎರೆದುಬಿಟ್ಟಳಂತೆ. ಎರೆದ ಮೇಲೆ ಒಳಗೆ ಹೋಗಿ ಒಲೆ ಮುಂದೆ ಕೂತಳಂತೆ, ಊಟಕ್ಕೆ ಏಳಲಿಲ್ಲವಂತೆ. ಹೆಸರೂ ಮೊಳೆಯಲಿಲ್ಲ. ಆಮೇಲೆ ಒಂದೊಂದೇ ಸೊಪ್ಪು ಎರೆಯೋಕೆ ಶುರು ಮಾಡಿದಳು. ಅದು ಬೀದಿಗೆಲ್ಲ ಗೊತ್ತಾಯಿತು, ಯಾಕೆಂದರೆ ಕೂಗು ಕುಗ್ಗುತ್ತಾ ಬಂತು. ಒಂದು ವಾರ ಸಬ್ಬಸಿಗೆ ಇಲ್ಲ. ಬುಟ್ಟಿಯಲ್ಲಿ ಇತ್ತು, ಕೂಗಲ್ಲಿ ಇಲ್ಲ. ಆಮೇಲೆ ಹರಿವೆ ಹೋಯಿತು, ಪಾಲಾಕ್ ಹೋಯಿತು. ರಾಗ ಮಾತ್ರ ಹಾಗೇ ಇತ್ತು, ಹೆಸರು ಬಿದ್ದುಹೋದ ಜಾಗದಲ್ಲಿ ಉಸಿರು ಎಳೀತಿದ್ದಳು. ಕೊನೆಗೆ ಬರೀ "ಸೊಪ್ಪೂ" ಅಂತ ಕೇಳಿಸ್ತಿತ್ತು. ಅದನ್ನೂ ಎರೆದಳು, ಬಾಯಲ್ಲಿ ಉಳಿದಿದ್ದ ಚಿಲ್ಲರೆ ಮಾತನ್ನೂ ಒಂದೊಂದಾಗಿ ಎರೆದು ಮುಗಿಸಿದಳು. ಆಮೇಲೆ ಹಳೇ ಸೇರನ್ನ ಬುಟ್ಟಿಯ ಅಂಚಿಗೆ ಟಕ್ ಟಕ್ ಬಡೀತಾ ಬರೋಳು. ಜನಕ್ಕೆ ಅಭ್ಯಾಸ ಇಲ್ಲ, ಯಾರೂ ಬಾಗಿಲಿಗೆ ಬರ್ತಿರಲಿಲ್ಲ. ಬಾಡಿದ ಸೊಪ್ಪು ಹೊತ್ತುಕೊಂಡು ವಾಪಸ್ ಹೋಗೋಳು.

ಸೊಂಟದ ಮೇಲಿನ ಮಗು ಮಾತ್ರ ಅಜ್ಜಿಯ ಗಂಟಲ ಮೇಲೆ ಕೈಯಿಟ್ಟು ಅವಳ ಮುಖ ನೋಡ್ತಿತ್ತು. ಕೈ ತೆಗೆದು ಇನ್ನೊಂದು ಕಡೆ ಇಟ್ಟು ನೋಡ್ತಿತ್ತು. ಈಗ ನಗ್ತಿರಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಸುಗುಣ ಒಬ್ಬಳೇ ಬಂದಳು. ಮುಖ ಇಳಿದುಹೋಗಿತ್ತು. ಕೂತವಳು ಸುಮಾರು ಹೊತ್ತು ಸೆರಗಿನ ತುದಿ ಸುತ್ತಿ ಬಿಚ್ಚಿ ಮಾಡಿ, "ಮೇಡಂ, ನಾನೇ ಎರೀತೀನಿ. ನೀವು ಹೂಂ ಅನ್ನಿ" ಅಂದಳು.

ತಾಯಿ ಎರೆಯೋದು ನಮ್ಮೂರಲ್ಲಿ ಕಡೆಯ ದಾರಿ. ಮನೆಯಲ್ಲಿ ಹಿರಿಯರೆಲ್ಲ ಖಾಲಿಯಾಗಿ, ಮಾತಿನ ಕೋಣೆಯವರು ಒಪ್ಪಿದರೆ ಮಾತ್ರ. ಯಾಕೆಂದರೆ ತಾಯಿಯ ಮುಂದೆ ಇನ್ನೂ ಒಂದು ಜೀವಮಾನ ಇರತ್ತೆ. ಅಷ್ಟು ಚಿಕ್ಕ ವಯಸ್ಸಿಗೆ ಬಾ, ಬೇಡ, ಕೊಡು ಅಂತ ಅನ್ನಲಾರದೆ ಗಂಡನ ಜೊತೆ, ಗಾರ್ಮೆಂಟ್ಸಿನ ಸೂಪರ್ವೈಸರ್ ಜೊತೆ ಅವಳು ಹೇಗೆ ಬದುಕಬೇಕು? ಅದಕ್ಕಿಂತ ಹೆಚ್ಚಾಗಿ, ಮಗಳ ಹೆಸರು ಅವಳ ಬಾಯಿಂದ ಹೋಗತ್ತೆ. ನಾನು ಹೂಂ ಅಂದರೆ ಅವತ್ತೇ ಸಂಜೆ ಎರೆಯೋಕೆ ಅವಳು ತಯಾರಾಗಿ ಬಂದಿದ್ದಳು.

"ಮನೆಗೆ ನಡಿ," ಅಂದೆ. "ಮಗೂನ ಇನ್ನೊಂದು ಸಲ ನೋಡ್ತೀನಿ. ಅಲ್ಲೀವರೆಗೆ ಬಾಯಿ ಮುಚ್ಕೊಂಡಿರು."

ಅವರ ಮನೆ ಹಿಂದೆ ಒಂದು ಸಣ್ಣ ಅಂಗಳ. ನೀಲಜ್ಜಿ ಗೋಡೆಗೆ ಒರಗಿ ಕೂತು ಸೊಪ್ಪು ಬಿಡಿಸ್ತಿದ್ದಳು, ಮಾರೋಕಲ್ಲ, ಮನೆಗೆ. ಮಗು ನಮಗೆ ಬೆನ್ನು ಮಾಡಿ ಕೂತು ಮಣ್ಣಲ್ಲಿ ಕಡ್ಡಿ ನೆಡ್ತಿತ್ತು. ಸುಗುಣ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗಿದಳು. ಮಗು ತಿರುಗಲಿಲ್ಲ. "ಆಟಕ್ಕೆ ಕೂತ್ರೆ ಹಿಂಗೇ ಮೇಡಂ, ಮೊಂಡು" ಅಂದಳು. ಆಗ ನೀಲಜ್ಜಿ ಕೂತಲ್ಲೇ ಹಿಮ್ಮಡಿಯಿಂದ ನೆಲಕ್ಕೆ ಧಪ್ ಧಪ್ ಅಂತ ಎರಡು ಸಲ ಗುದ್ದಿದಳು. ಮಗು ಥಟ್ಟನೆ ತಿರುಗಿ ನಕ್ಕಿತು.

ಗಿಲಕಿಯನ್ನ ಕೆನ್ನೆಗೆ ಒತ್ತಿಕೊಂಡಿದ್ದು ಕಣ್ಣ ಮುಂದೆ ಬಂತು. ಅಂಗೈಯನ್ನ ಗಂಟಲ ಮೇಲೆ ಇಟ್ಟುಕೊಳ್ಳೋದು ನೆನಪಾಯಿತು. ಚಪ್ಪಲಿ ಬಿಟ್ಟು, ಸದ್ದಾಗದ ಹಾಗೆ ಅಡುಗೆಮನೆಗೆ ಹೋಗಿ ಹಿತ್ತಾಳೆ ತಟ್ಟೆ, ಸೌಟು ತಂದೆ. ಮಗು ಮತ್ತೆ ಕಡ್ಡಿ ನೆಡೋಕೆ ಶುರು ಮಾಡಿತ್ತು. ಅವಳ ಬೆನ್ನ ಹಿಂದೆ ನಿಂತು, ನೆರಳು ಬೀಳದ ಹಾಗೆ ನೋಡಿಕೊಂಡು, ನನ್ನ ಶಕ್ತಿಯೆಲ್ಲ ಬಿಟ್ಟು ಬಡಿದೆ. ಗೋಡೆ ಮೇಲಿನ ಕಾಗೆ ಹಾರಿತು. ಬೀದಿ ನಾಯಿ ಬೊಗಳಿತು. ಪಕ್ಕದ ಮನೆಯವರು ಏನಾಯ್ತು ಏನಾಯ್ತು ಅಂತ ಇಣುಕಿದರು. ಮಗು ಕಡ್ಡಿಯ ತುದಿಗೆ ಒಂದು ಎಲೆ ಸಿಕ್ಕಿಸಿ, ಅದು ನಿಲ್ಲತ್ತಾ ಅಂತ ನೋಡ್ತಿತ್ತು.

ಸುಗುಣ ಹಾಗೇ ಬಾಗಿಲ ಚೌಕಟ್ಟು ಹಿಡಿದುಕೊಂಡು ಕುಸಿದಳು. ನಾನು ಸೌಟು ಕೆಳಗಿಟ್ಟೆ.

ಅಷ್ಟರಲ್ಲಿ ಲೋಕಿ ಬಂದ. ವಿಷಯ ಕೇಳಿದವನೇ ರೇಗಿಬಿಟ್ಟ. "ಏನ್ ಮೇಡಂ ನೀವು, ಬಾಯಿಗೆ ಬಂದಂಗೆ! ನನ್ ಮಗಳಿಗೆ ಕಿವಿ ಕೇಳಲ್ವಾ? ನಾನ್ ಕರೆದ್ರೆ ಓಡಿ ಬರ್ತಾಳೆ. ದಿನಾ ಬರ್ತಾಳೆ. ನೋಡ್ತಿರಿ." ಅಂಗಳಕ್ಕೆ ಧಪ ಧಪ ಎರಡು ಹೆಜ್ಜೆ ಇಟ್ಟು, ಕಾಲು ಊರಿ, ಹೆಸರು ಕೂಗಿದ. ಮಗು ತಿರುಗಿತು. "ಕಂಡ್ರಾ?" ಅಂದ.

"ಲೋಕಿ," ಅಂದೆ, "ಆ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಹತ್ತಿ ನಿಂತ್ಕೋಪ್ಪ. ಕಾಲು ಅಲ್ಲಾಡಿಸ್ಬೇಡ. ಅವಳು ಆ ಕಡೆ ತಿರುಗಲಿ, ಆಮೇಲೆ ಕರಿ."

ಅವನು ಹತ್ತಿ ನಿಂತ. ಮಗು ತಿರುಗಿ ಎಲೆ ಹುಡುಕೋಕೆ ಹೋಯಿತು. ಅವನು ಕರೆದ. ಇನ್ನೊಂದು ಸಲ ಜೋರಾಗಿ ಕರೆದ. ಆಮೇಲೆ ಮುದ್ದು ಮಾಡಿ ಕರೆದ, ಚಿನ್ನಾ ಅಂದ, ಕೂಸೇ ಅಂದ, ಕೊನೆಗೆ ಬೈದ. ಗಂಟಲು ಕಟ್ಟಿ ಕೂಗು ಒಡೆದುಹೋಯಿತು, ಆದರೂ ಕಲ್ಲಿನ ಮೇಲಿಂದ ಇಳಿಯದೆ ಹೆಸರು ಹಿಡಿದು ಕರೀತಾನೇ ಇದ್ದ. "ಸಾಕು ಇಳಿಯೋ ಮಾರಾಯ" ಅಂತ ನಾನೇ ಕೈ ಹಿಡಿದು ಇಳಿಸಬೇಕಾಯಿತು.

ನೀಲಜ್ಜಿ ಇದೆಲ್ಲ ನೋಡ್ತಾ ಕೂತಿದ್ದಳು. ಕೈಯಲ್ಲಿದ್ದ ಸೊಪ್ಪಿನ ಕಡ್ಡಿ ಕೈಯಲ್ಲೇ ಇತ್ತು. ಅವಳಿಗೆ ಎಲ್ಲ ಕೇಳಿಸತ್ತೆ, ಎಲ್ಲ ತಿಳಿಯತ್ತೆ. ಮೆಲ್ಲಗೆ ಎದ್ದು ನನ್ನ ಹತ್ತಿರ ಬಂದಳು. ತನ್ನ ಬಾಯಿ ಮುಟ್ಟಿಕೊಂಡಳು, ಮಗುವಿನ ಕಿವಿಯ ಕಡೆ ತೋರಿಸಿದಳು, ಆಮೇಲೆ ಎರಡೂ ಕೈ ಬರಿದಾಗಿ ಮುಂದೆ ಚಾಚಿದಳು. ಕೊಟ್ಟೆನಲ್ಲ, ಎಲ್ಲಿ ಹೋದವು? ಅದನ್ನೇ ಕೇಳ್ತಿದ್ದಳು. ಅವಳ ಬಾಯಲ್ಲೂ ಇಲ್ಲ, ಮಗುವಿನ ಬಾಯಲ್ಲೂ ಇಲ್ಲ. ದಂಟು, ಮೆಂತ್ಯ, ನೀರು, ಬಾ, ಅವಳ ಹೆಸರು, ಒಂದೂ ಎಲ್ಲೂ ಇಲ್ಲ. ಎರೆದದ್ದು ವಾಪಸ್ ಬಂದ ಉದಾಹರಣೆ ನಮ್ಮೂರಲ್ಲಿ ಇಲ್ಲ. ನಾನು ಅವಳ ಕೈ ಹಿಡಿದುಕೊಂಡು ಅತ್ತೆ. ನಾಚಿಕೆ ಪಡದೆ, ಅವರ ಮನೆ ಅಂಗಳದಲ್ಲಿ, ಪಕ್ಕದ ಮನೆಯವರು ನೋಡ್ತಿದ್ದ ಹಾಗೇ ಅತ್ತೆ. ಸುಗುಣ ತೆವಳಿಕೊಂಡು ಬಂದು ಅತ್ತೆಯ ಕಾಲಿಗೆ ತಲೆಯಿಟ್ಟು "ತಪ್ಪಾಯ್ತು ಅತ್ತೆ, ಬಾಯಿಗೆ ಹುಳ ಬೀಳ್ಲಿ ನನ್ನ" ಅಂತಿದ್ದಳು. ನೀಲಜ್ಜಿ ಸೊಪ್ಪಿನ ಮಣ್ಣು ಮೆತ್ತಿದ ಕೈಯಿಂದ ಅವಳ ತಲೆ ಸವರಿದಳು, ಅಷ್ಟೇ.

ಆಚೆ ಊರಿನ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ತಪಾಸಣೆ ಮಾಡಿ ಹುಟ್ಟಿನಿಂದಲೇ ಹೀಗೆ ಅಂದರು. ಕಿವಿಗೆ ಮೆಷಿನ್ ಹಾಕಿದರು. ಅದರಿಂದ ಗುಡುಗು, ಲಾರಿ ಹಾರನ್ ಏನೋ ಒಂದಿಷ್ಟು ತಾಕತ್ತೆ, ಮಾತು ತಿಳಿಯೋಷ್ಟಲ್ಲ. "ಇನ್ನೂ ಎಳೇದಿದ್ದಾಗಲೇ ತಂದಿದ್ದರೆ ಬಹಳ ಅನುಕೂಲ ಆಗ್ತಿತ್ತು. ಕಿವಿ ಮೊದಲು ನೋಡಬೇಕಲ್ಲವಾ? ಎಲ್ಲ ಕಡೆ ಅದೇ ಮೊದಲು ನೋಡೋದು" ಅಂದರು ಡಾಕ್ಟರು. ನಮ್ಮೂರಲ್ಲಿ ಮೊದಲು ಅಜ್ಜಿಯ ಬಾಯಿ ನೋಡ್ತೀವಿ ಅಂತ ಅವರಿಗೆ ಹೇಗೆ ಹೇಳಲಿ? ಬಸ್ಸಿನಲ್ಲಿ ಬರ್ತಾ ಲೋಕಿ ಉದ್ದಕ್ಕೂ ಕಿಟಕಿಯಾಚೆ ನೋಡ್ತಿದ್ದ. ಮಗು ಮೆಷಿನ್ ಕಿತ್ತು ಅವನ ಜೇಬಿಗೆ ಹಾಕಿ, ಬಸ್ಸಿನ ಕಂಬಿಗೆ ಕೆನ್ನೆ ಒತ್ತಿಕೊಂಡು ಕಣ್ಣು ಮುಚ್ಚಿ ಸುಖವಾಗಿ ನಗ್ತಿತ್ತು.

ಆ ಬಸ್ಸಿನಲ್ಲೇ ನನಗೆ ಆ ಸೆರಗಿನ ಮೇಲೆ ಸಿಟ್ಟು ಬಂದಿದ್ದು. ಈ ಮಗುವಿಗೆ ಒಳಗೆ ಹೋಗೋ ಬಾಗಿಲು ಅಂತ ಇದ್ದಿದ್ದು ಎರಡೇ, ಕಣ್ಣು ಮತ್ತು ಅಂಗೈ. ನಾವು ಪದ್ಧತಿ ಪದ್ಧತಿ ಅಂತ ಪ್ರತಿ ಸಲವೂ ಕಣ್ಣು ಮುಚ್ಚಿ, ಕೇಳದ ಕಿವಿಗೆ ಬಾಯಿಟ್ಟು ಎರೆದೆವು. ಕಣ್ಣು ಮುಚ್ಚೋದು ಯಾಕೆ ಅಂತ ಯಾರಾದರೂ ಕೇಳಿದ್ದರಾ? ಮಾತು ಕಣ್ಣಿಂದ ಸೋರಿಹೋಗತ್ತೆ ಅಂತ ಯಾವ ಕಾಲದವರೋ ಹೇಳಿದ್ದು. ಥೂ! ಆ ಅಂಗೈಗೆ ದಿನಾ ಸಿಗ್ತಿದ್ದ ಒಂದೇ ಒಂದು ಮಾತು ಅಜ್ಜಿಯ ಸೊಪ್ಪಿನ ಕೂಗು. ಅದನ್ನೂ ಅವಳಿಂದ ಎರೆಸಿ ಬರಿದು ಮಾಡಿಬಿಟ್ಟೆವಲ್ಲ ಅಂತ ನೆನೆಸಿಕೊಂಡರೆ ಈಗಲೂ ಎದೆ ಉರಿಯತ್ತೆ.

"ಕಣ್ಣು ಬಿಡಿಸಿ ಎರೆಯೋಣ," ಅಂದೆ ಮಾರನೇ ದಿನ. "ಮುಖ ನೋಡ್ತಾ, ಗಂಟಲ ಮೇಲೆ ಕೈಯಿಟ್ಕೊಂಡು. ಮೊದಲು ಹೆಸರು. ಆ ಹೆಸರಲ್ಲಿ ತುಟಿ ಚೆನ್ನಾಗಿ ಕೂಡಿ ಬಿಡತ್ತೆ, ಅವಳ ಕಣ್ಣಿಗೆ ಕಾಣತ್ತೆ."

ಸುಗುಣ ಬಾಯಿಗೆ ಕೈ ಅಡ್ಡ ಹಿಡಿದಳು. "ಇದೂ ಸುಳ್ಳಾದ್ರೆ ಮೇಡಂ? ಅತ್ತೆ ಬಾಯಲ್ಲಿ ಹೋಯ್ತು. ನಂದೂ ಹೋದ್ರೆ ಇನ್ನು ಮನೇಲಿ ಅವಳನ್ನ ಕರೆಯೋ ಹೆಂಗಸು ಯಾರಿದಾರೆ?" ಅಂದಳು. ಕಣ್ಣು ತುಂಬಿತ್ತು. ಎರೀತೀನಿ ಅಂತ ತಾನಾಗಿ ಬಂದಿದ್ದವಳೇ ಅವಳು. ಆದರೆ ಅತ್ತೆಯ ಬರಿಗೈ ನೋಡಿದ ಮೇಲೆ ಯಾವ ತಾಯಿಗೆ ಧೈರ್ಯ ಬರತ್ತೆ?

"ನಾನು ಎರೀತೀನಿ ಬಿಡು," ಅಂದೆ.

"ನೀವ್ಯಾಕೆ ಮೇಡಂ? ನೀವು ನಮ್ಮೋರಲ್ಲ..."

"ನನ್ನ ಹತ್ರ ಸ್ಟಾಕ್ ಇದೆಯಲ್ಲೇ. ಖರ್ಚಿಲ್ಲ ಅಂತ ನೀವೇ ತಾನೇ ಆಡ್ಕೊಳ್ಳೋದು?"

ದೊಡ್ಡಸ್ತಿಕೆಗೆ ಹೇಳಿದೆ ಅಂದುಕೋಬೇಡಿ. ಸಿಟ್ಟಿತ್ತು, ಅದೇ ಹೆಚ್ಚು. ಒಳಗೊಳಗೆ ಇನ್ನೊಂದು ಆಸೆಯೂ ಇತ್ತು, ಜನ್ಮದಲ್ಲಿ ಒಂದು ಸಲ ಒಂದು ಮಗುವಿಗೆ ಏನಾದರೂ ಎರೀಬೇಕು ಅಂತ. ಅದನ್ನ ಯಾರಿಗೂ ಹೇಳಿರಲಿಲ್ಲ.

ಮಟಮಟ ಮಧ್ಯಾಹ್ನ, ಅವರ ಮನೆ ಜಗಲಿ ಮೇಲೆ ಕೂತೆ. ಬೀದಿಯವರೆಲ್ಲ ಸೇರಿದರು. ಕಣ್ಣು ಮುಚ್ಚದೆ ಎರೆಯೋದಂತೆ, ನೆಂಟಸ್ತಿಕೆ ಇಲ್ಲದವಳು ಎರೆಯೋದಂತೆ, ಕೆಟ್ಟ ಕಾಲ ಬಂತು ಅಂತ ಗೊಣಗಿದರು. ಮಗುವನ್ನ ಎದುರಿಗೆ ಕೂರಿಸಿಕೊಂಡು ಅವಳ ಒಂದು ಅಂಗೈಯನ್ನ ನನ್ನ ಗಂಟಲಿಗೆ, ಇನ್ನೊಂದನ್ನ ಅವಳ ಎದೆಗೆ ಇಟ್ಟೆ. ಅವಳು ಕಣ್ಣರಳಿಸಿ ನನ್ನ ತುಟಿಯನ್ನೇ ನೋಡಿದಳು. ಅವಳ ಹೆಸರನ್ನ ಒಂದು ಸಲ, ನಿಧಾನವಾಗಿ, ಗಂಟಲು ನಡುಗೋ ಹಾಗೆ ಹೇಳಿದೆ. ಅಂಗೈ ಕೆಳಗೆ ಅದು ಹಾದು ಹೋಗಿದ್ದು ಅವಳ ಮುಖದಲ್ಲಿ ಕಂಡಿತು. ಆಮೇಲೆ ನನ್ನ ಬಾಯಿ ಖಾಲಿ. ಹಲ್ಲು ಕೀಳಿಸಿಕೊಂಡ ಮೇಲೆ ನಾಲಿಗೆ ಮತ್ತೆ ಮತ್ತೆ ಅದೇ ಜಾಗಕ್ಕೆ ಹೋಗತ್ತಲ್ಲ, ಹಾಗೆ ಅವತ್ತೆಲ್ಲ ತಡಕಾಡಿದೆ. ಇರಲಿಲ್ಲ.

ತಿಂಗಳುಗಟ್ಟಲೆ ಏನೂ ಆಗಲಿಲ್ಲ. "ಹೆರದವಳ ಮಾತು ಮೊಳೆಯತ್ತಾ?" ಅಂತ ನಲ್ಲಿಯ ಹತ್ತಿರ ಅಂದರು. ಅವತ್ತು ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಬಂದೆ. ಆದರೆ ದಿನಾ ಹೋಗ್ತಿದ್ದೆ. ಕನ್ನಡಿ ಮುಂದೆ ಇಬ್ಬರೂ ಕೂತು ತುಟಿ ಕೂಡಿಸಿ ಬಿಡೋದು, ಉರಿಯೋ ದೀಪದ ಮುಂದೆ ಉಸಿರು ಊದಿ ಕುಡಿ ಅಲುಗಿಸೋದು, ಕೈಸನ್ನೆಯಲ್ಲಿ ಊಟ, ನಿದ್ದೆ, ಬೆಕ್ಕು ಅಂತ ಕಲಿಸೋದು ಮಾಡ್ತಿದ್ದೆ. ಸನ್ನೆ ಅವಳು ಒಂದು ಸಲ ನೋಡಿದರೆ ಸಾಕು. ಸನ್ನೆಯಲ್ಲಿ ಅವಳಿಗೆ ಜೋಡಿ ಅಂದರೆ ನೀಲಜ್ಜಿ. ಇಬ್ಬರೂ ಅಂಗಳದಲ್ಲಿ ಕೂತು ಕೈ ಆಡಿಸ್ತಾ ಅದೇನೇನು ಹರಟ್ತಿದ್ದರೋ!

ಒಂದು ಬೆಳಿಗ್ಗೆ ನಾನು ಹೋದಾಗ ಸುಗುಣ ರೊಟ್ಟಿ ತಟ್ಟುತ್ತಿದ್ದಳು, ಲೋಕಿ ಸ್ನಾನಕ್ಕೆ ಹೊರಟಿದ್ದ. ಮಗು ಹೊಸ್ತಿಲ ಮೇಲೆ ನಿಂತಿತ್ತು. ನನ್ನನ್ನ ನೋಡಿ, ತನ್ನ ಅಂಗೈಯನ್ನ ತನ್ನ ಗಂಟಲಿಗೆ ಇಟ್ಟುಕೊಂಡು, ತುಟಿ ಒತ್ತಿ ಬಿಟ್ಟಿತು. ಒರಟು ಸದ್ದು. ಮೊದಲ ಅಕ್ಷರ ಅರ್ಧ ಇಲ್ಲ, ಕೊನೆಯದು ಸೀಳಿತ್ತು. ಆದರೆ ಅದು ಅವಳ ಹೆಸರು. ನನಗೆ ಹೇಳೋಕೆ ಬರದಿದ್ದರೂ ಕೇಳೋಕೆ ಬರತ್ತಲ್ಲ. ಅವಳದೇ ಹೆಸರು.

ಸುಗುಣ ಹಿಟ್ಟಿನ ಕೈಯಲ್ಲೇ ಓಡಿ ಬಂದು ಮಂಡಿಯೂರಿ ಕೂತು ಅದೇ ಹೆಸರು ಕೂಗಿದಳು. ಮಗು ತಾಯಿಯ ಗಂಟಲಿಗೆ ಕೈಯಿಟ್ಟು ನೋಡಿತು, ಅಲ್ಲಿಯೂ ಅದೇ ಇತ್ತು. ಕಿಲಕಿಲ ನಕ್ಕಿತು, ಮುಂಚೆ ಅಜ್ಜಿಯ ಸೊಂಟದ ಮೇಲೆ ನಗ್ತಿತ್ತಲ್ಲ, ಆ ನಗು. ಲೋಕಿಯ ಗಂಟಲಿಗೆ ಇಟ್ಟಿತು, ಅವನು ಅಳ್ತಾ ಅಳ್ತಾ ಹೇಳಿದ, ಅಲ್ಲಿಯೂ ಇತ್ತು. ತನ್ನ ಹೆಸರು ಎಲ್ಲರ ಗಂಟಲಲ್ಲೂ ಇರತ್ತೆ ಅಂತ ಅವಳಿಗೆ ಅವತ್ತು ಗೊತ್ತಾಯಿತು.

ಆಮೇಲೆ ಓಡಿ ಹೋಗಿ ನೀಲಜ್ಜಿಯ ತೊಡೆ ಹತ್ತಿದಳು. ಅಜ್ಜಿಯ ಗಂಟಲ ಮೇಲೆ ಅಂಗೈ ಇಟ್ಟು, ಮುಖ ನೋಡ್ತಾ ಕಾದಳು. ನೀಲಜ್ಜಿ ಬಾಯಿ ತೆರೆದಳು. ತುಟಿ ಕೂಡಿಸೋಕೆ ನೋಡಿದಳು. ಕತ್ತಿನ ನರವೆಲ್ಲ ಉಬ್ಬಿತು, ಬರೀ ಉಸಿರು ಬಂತು. ಮಗು ಕೈಯನ್ನ ಸ್ವಲ್ಪ ಪಕ್ಕಕ್ಕೆ ಸರಿಸಿತು, ಇನ್ನೂ ಸ್ವಲ್ಪ ಕೆಳಗೆ ಸರಿಸಿತು. ತಾನೇ ಜಾಗ ತಪ್ಪಿ ಇಟ್ಟಿದ್ದೀನಿ ಅಂದುಕೊಂಡಿತ್ತೋ ಏನೋ. ಅಜ್ಜಿಯ ಕಣ್ಣೀರು ಅವಳ ಮುಂಗೈ ಮೇಲೆ ಬಿತ್ತು. ಅದನ್ನ ಲಂಗಕ್ಕೆ ಒರೆಸಿಕೊಂಡು, ಇಳಿದು, ನನ್ನ ಹತ್ತಿರ ಬಂದಳು. ನನ್ನ ಗಂಟಲಿಗೆ ಇಟ್ಟಳು. ಅವಳಿಗೆ ನೆನಪಿತ್ತು, ಅವತ್ತು ಜಗಲಿ ಮೇಲೆ ಅದು ಬಂದಿದ್ದು ಇಲ್ಲಿಂದಲೇ. ನಾನು ಮಗಳೇ ಅಂದೆ, ಕೂಸೇ ಅಂದೆ, ಬಂಗಾರ ಅಂದೆ. ಅವಳು ತಲೆ ಅಲ್ಲಾಡಿಸಿದಳು. ಅದಲ್ಲ ಅಂತ.

ಈಗ ಅವಳು ಇನ್ನೂ ಒಂದಿಷ್ಟು ಮಾತು ಕಲಿತಿದ್ದಾಳೆ. ಸುಗುಣ ಧೈರ್ಯ ಮಾಡಿ, ಕಣ್ಣು ಬಿಡಿಸಿಯೇ, ಬೇರೆ ಕೆಲವು ಎರೆದಿದ್ದಾಳೆ, ಹೆಸರು ಮಾತ್ರ ಇಟ್ಟುಕೊಂಡಿದ್ದಾಳೆ. ಮಾತಿನ ಕೋಣೆಗೆ ಬರೋ ಮಕ್ಕಳಿಗೆ ನಾನು ಮೊದಲು ಬೆನ್ನ ಹಿಂದೆ ನಿಂತು ತಟ್ಟೆ ಬಡೀತೀನಿ, ಆಮೇಲೆ ಉಳಿದದ್ದು. ಸಂಜೆ ಹೊತ್ತು ನೀಲಜ್ಜಿಯ ಪಕ್ಕ ಹೋಗಿ ಕೂರ್ತೀನಿ. ಆ ಹುಡುಗಿ ಆಟ ಮುಗಿಸಿ ಬಂದು ನಮ್ಮಿಬ್ಬರ ನಡುವೆ ತೂರಿಕೊಂಡು, ಒಂದು ಕೈ ಅಜ್ಜಿಯ ಗಂಟಲಿಗೆ, ಒಂದು ಕೈ ನನ್ನ ಗಂಟಲಿಗೆ ಇಟ್ಟು ಕಾಯ್ತಾಳೆ. ಊರೆಲ್ಲ ಕರೆಯೋ ಹೆಸರನ್ನ ಈ ಇಬ್ಬರು ಮಾತ್ರ ಯಾಕೆ ಕರೆಯೋದಿಲ್ಲ ಅಂತ ಅವಳಿಗೆ ಇನ್ನೂ ಗೊತ್ತಿಲ್ಲ. ಅದನ್ನ ಹೇಳೋ ಸನ್ನೆ ನನಗೂ ತಿಳಿದಿಲ್ಲ. ಬೇಸರ ಆಗಿ ಅವಳಾಗಿ ತೆಗೆಯೋವರೆಗೂ ನಾವಿಬ್ಬರೂ ಅವಳ ಕೈ ಸರಿಸೋದಿಲ್ಲ.